ದೋಣಿಯ ತಳವೂ ನಾಡಿನ ಬೊಕ್ಕಸವೂ

ಮೃಗಶಿರೆಯ ಮಳೆ ಕಾಲಿಡುವ ಹೊತ್ತಿಗೆ ಬೀದರ ಜಿಲ್ಲೆಯ ಠಾಣಾ ಕುಶನೂರಿನ ಒಕ್ಕಲುಮಗನು ಕೂರಿಗೆಯನ್ನು ಹೊರತೆಗೆದು ನೋಡುತ್ತಾನೆ. ಕುಂಟೆಯ ಕುಡಕ್ಕೆ ಹಿಡಿದ ತುಕ್ಕನ್ನು ಉಜ್ಜಿ ತೆಗೆಯುತ್ತಾನೆ. ಕಾರಹುಣ್ಣಿವೆಗೆ ಎತ್ತುಗಳ ಮೈ ತೊಳೆದು ಸಿಂಗರಿಸುತ್ತಾನೆ. ಅದೇ ದಿನಗಳಲ್ಲಿ, ಇದೇ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಕಾರವಾರದಿಂದ ಮಂಗಳೂರಿನ ವರೆಗಿನ ಮೀನುಗಾರನು ತನ್ನ ದೋಣಿಯನ್ನು ದಡಕ್ಕೆ ಎಳೆದು, ವರ್ಷವೆಲ್ಲ ನೀರಿನೊಳಗೆ ಮರೆಯಾಗಿದ್ದ ಅದರ ತಳವನ್ನು ಕೆರೆಯಲಾರಂಭಿಸುತ್ತಾನೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವದರಿಂದ ಅವನಿಗೆ ದೊರೆಯುವ ಬಿಡುವು ಇದೊಂದೇ. ಇಬ್ಬರ ಕೆಲಸವೂ ಒಂದೇ ಬಗೆಯದು. ಸಾಧನದ ಮೈ ಕೆಟ್ಟರೆ ದುಡಿಮೆ ಕೆಡುತ್ತದೆಂಬುದನ್ನು ಇಬ್ಬರೂ ಬಲ್ಲರು.

ಕಡಲನ್ನೇ ಕಾಣದ ನಮ್ಮ ಕಡೆಯ ವಾಚಕರು, ದೋಣಿಯ ತಳದ ಮಾತು ನಮಗೇಕೆಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯದು. ಅದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಹಣದ್ದು. ಯಂತ್ರದೋಣಿಗಳಿಗೆ ಕರ್ನಾಟಕ ಸರಕಾರವು ಮಾರಾಟ ತೆರಿಗೆಯ ವಿನಾಯಿತಿಯುಳ್ಳ ಡೀಸೆಲನ್ನು ಒದಗಿಸುತ್ತ ಬಂದಿದೆ. 2023ರ ಜುಲೈ ತಿಂಗಳಿನ ಮುಂಗಡಪತ್ರದಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷ ಕಿಲೋಲೀಟರಿಗೆ ಏರಿಸುವದಾಗಿ ಸಾರಲಾಯಿತು. ಬಿಟ್ಟುಕೊಟ್ಟ ತೆರಿಗೆಯು ಕುಶನೂರಿನವನ ಬೊಕ್ಕಸವೂ ಹೌದು. ಎರಡನೆಯದು ವಿದ್ಯೆಯದು. ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕೆ ಮಹಾವಿದ್ಯಾಲಯವು ಸೇರಿರುವದು ಯಾವ ವಿಶ್ವವಿದ್ಯಾಲಯಕ್ಕೆ? ಬೀದರಿನಲ್ಲಿ ಪೀಠವನ್ನುಳ್ಳ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಕಡಲ ವಿದ್ಯೆಯ ಯಜಮಾನಿಕೆ ನಮ್ಮ ಜಿಲ್ಲೆಯಲ್ಲಿರುವಾಗ ಕಡಲಿನ ಕಷ್ಟ ನಮಗೆ ಸಂಬಂಧಿಸಿದ್ದಲ್ಲವೆಂದು ಹೇಗೆ ಹೇಳೋಣ?

ಕಷ್ಟದ ಸ್ವರೂಪವನ್ನು ಮೊದಲು ತಿಳಿಯೋಣ. ಸ್ವಚ್ಛವಾದ ಹಲಗೆಯನ್ನಾಗಲಿ ಉಕ್ಕಿನ ತಗಡನ್ನಾಗಲಿ ಸಮುದ್ರದಲ್ಲಿ ಇಳಿಸಿದರೆ ಕೆಲವೇ ತಾಸುಗಳಲ್ಲಿ ಅದರ ಮೇಲೆ ಸೂಕ್ಷ್ಮಾಣುಗಳು ನೆಲೆಸುತ್ತವೆ. ದಿನಗಳೊಳಗೆ ತೆಳುವಾದ ಲೋಳೆ ಹಬ್ಬುತ್ತದೆ. ಆ ಬಳಿಕ ಪಾಚಿಯ ಬೀಜಾಣುಗಳೂ ಚಿಪ್ಪುಜೀವಿಗಳ ಮರಿಗಳೂ ಬಂದು ಸೇರುತ್ತವೆ. ಬಾರ್ನಕಲ್ ಎಂಬ ಜೀವಿಯು ಎಳೆತನದಲ್ಲಿ ಈಜಾಡುತ್ತಿದ್ದು, ತಕ್ಕ ಸ್ಥಳವನ್ನು ಕಂಡೊಡನೆ ತಲೆಯನ್ನು ಕೆಳಗೆ ಮಾಡಿ ತನ್ನದೇ ಅಂಟಿನಿಂದ ಅಂಟಿಕೊಂಡು, ಸುತ್ತಲೂ ಸುಣ್ಣದ ಕೋಟೆ ಕಟ್ಟಿಕೊಂಡು, ಕಾಲುಗಳಿಂದಲೇ ಆಹಾರವನ್ನು ಬಾಯಿಗೆ ಬಾಚಿಕೊಳ್ಳುತ್ತ ಜೀವಮಾನವನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಅದು ಸತ್ತರೂ ಅದರ ಚಿಪ್ಪು ಬಿಡದು. ಪಚ್ಚಿಲೆ, ಕೊಳವೆಹುಳು ಮುಂತಾದವು ಅದರ ನೆರೆಹೊರೆ. ಮರದ ದೋಣಿಯಾದರೆ ಹಲಗೆಯನ್ನು ಒಳಗೊಳಗೇ ಕೊರೆಯುವ ಹಡಗುಹುಳುವಿನ ಕಾಟವೂ ಸೇರುತ್ತದೆ. ನಮ್ಮ ಬಿಸಿನೀರಿನ ಕಡಲಿನಲ್ಲಿ ಈ ಬೆಳವಣಿಗೆ ಶೀತದೇಶಗಳಿಗಿಂತ ಶೀಘ್ರವಾದದ್ದು. ಓಡುತ್ತಿರುವ ದೋಣಿಗಿಂತ ದಕ್ಕೆಯಲ್ಲಿ ಸುಮ್ಮನೆ ನಿಂತ ದೋಣಿಗೆ ಹೆಚ್ಚಿನದು.

ಇದರಿಂದಾಗುವ ನಷ್ಟವು ಕಣ್ಣಿಗೆ ಬೀಳದ್ದಾದುದರಿಂದಲೇ ದೊಡ್ಡದಾಗಿದೆ. ಅಮೆರಿಕದ ನೌಕಾ ವಿದ್ಯಾಲಯದ ಮೈಕೆಲ್ ಶುಲ್ಜ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಗಣನೆಯಂತೆ, ಒಂದು ಯುದ್ಧನೌಕೆಯ ತಳದಲ್ಲಿ ಚಿಪ್ಪು ದಟ್ಟವಾಗಿ ಬೆಳೆದರೆ ಅದೇ ವೇಗದಲ್ಲಿ ಸಾಗಲು ಶೇಕಡಾ 86ರ ವರೆಗೆ ಹೆಚ್ಚಿನ ಶಕ್ತಿ ಬೇಕಾಗುವದು. ಬರಿಯ ದಪ್ಪ ಲೋಳೆಗೇ ಶೇಕಡಾ 20ರಷ್ಟು. ಯುದ್ಧನೌಕೆಯ ಲೆಕ್ಕವನ್ನು ಮಲ್ಪೆಯ ಟ್ರಾಲ್ ಬೋಟಿಗೆ ಹಾಗೆಯೇ ಹೊಂದಿಸಲಾಗದು. ಆದರೆ ನೀರಿನ ಧರ್ಮ ಎರಡಕ್ಕೂ ಒಂದೇ. ತೀರ ಸಂಕೋಚದಿಂದಲೇ ಲೆಕ್ಕ ಹಾಕೋಣ. ಎರಡು ಲಕ್ಷ ಕಿಲೋಲೀಟರಿನಲ್ಲಿ ನೂರಕ್ಕೆ ಐದು ಪಾಲು ಉಳಿದರೂ ಅದು ಒಂದು ಕೋಟಿ ಲೀಟರು ಡೀಸೆಲ್. ಮೀನು ಹಿಡಿಯಲೆಂದು ಕೊಟ್ಟ ಎಣ್ಣೆಯು ಚಿಪ್ಪುಗಳನ್ನು ಹೊತ್ತು ತಿರುಗಿಸುವದರಲ್ಲಿ ಸುಟ್ಟುಹೋಗುವದನ್ನು ಯಾವ ಅರ್ಥಶಾಸ್ತ್ರವೂ ಒಪ್ಪದು.

ಈ ಹೋರಾಟವು ನಿನ್ನೆ ಮೊನ್ನೆಯದಲ್ಲ. 1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೋ ಡ ಗಾಮನು ಮರುಪ್ರಯಾಣದ ಮೊದಲು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ ತನ್ನ ಹಡಗುಗಳನ್ನು ದಡಕ್ಕೆ ವಾಲಿಸಿ ತಳವನ್ನು ಶುಚಿಗೊಳಿಸಬೇಕಾಯಿತು. ನಮ್ಮ ನಾವಿಕರು ಸುಣ್ಣಕ್ಕೆ ಎಣ್ಣೆ ಬೆರೆಸಿ ಬಳಿಯುತ್ತಿದ್ದರು. ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆಯನ್ನೂ ನಾಡದೋಣಿಗಳಿಗೆ ಲೇಪಿಸುತ್ತ ಬಂದಿದ್ದಾರೆ. ಇಂಗ್ಲೆಂಡಿನ ನೌಕಾಪಡೆಯು 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ತಾಮ್ರ ಸವೆಯುವದನ್ನು ತಡೆಯಬೇಕೆಂದು 1824ರಲ್ಲಿ ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞನು ಅದಕ್ಕೆ ಕಬ್ಬಿಣ, ಸತುಗಳ ತುಂಡುಗಳನ್ನು ಜೋಡಿಸಿದನು. ತಾಮ್ರವೇನೋ ಉಳಿಯಿತು, ಆದರೆ ಅದರ ಮೇಲೆ ಚಿಪ್ಪು ಬೆಳೆಯಲಾರಂಭಿಸಿತು! ತಾಮ್ರವು ಕರಗುತ್ತಿದ್ದುದರಿಂದಲೇ ಜೀವಿಗಳು ದೂರವಿದ್ದವೆಂಬ ಪಾಠ ಆಗ ತಿಳಿಯಿತು. ತಳವನ್ನು ಕಾಯುವ ವಿಷವೇ ಕಡಲನ್ನು ಸೇರುವ ವಿಷವೆಂಬ ಈ ಸತ್ಯದಲ್ಲಿ ಇಂದಿನ ಪ್ರಶ್ನೆಯೆಲ್ಲ ಅಡಗಿದೆ.

ಆ ಪಾಠವನ್ನು ಮರೆತದ್ದರ ಫಲವನ್ನು ಲೋಕವು ಕಳೆದ ಶತಮಾನದಲ್ಲಿಯೇ ಉಂಡಿತು. ತವರದ ಒಂದು ಸಂಯುಕ್ತವನ್ನು ಬೆರೆಸಿದ ಬಣ್ಣವು ಹಿಂದಿನ ಎಲ್ಲ ಲೇಪಗಳನ್ನೂ ಮೀರಿಸಿ ತಳವನ್ನು ಶುಚಿಯಾಗಿಟ್ಟಿತು. ಆದರೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿಗಳ ಸಂತತಿಯೇ ನಿಂತುಹೋಗುವ ಸ್ಥಿತಿ ಬಂದಿತು. ಹೆಣ್ಣು ಶಂಖಗಳಲ್ಲಿ ಗಂಡಿನ ಅವಯವಗಳು ಮೂಡಿದವು. ಫ್ರಾನ್ಸು 1982ರಲ್ಲಿ ಸಣ್ಣ ದೋಣಿಗಳ ಮಟ್ಟಿಗೆ ಅದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ನೌಕಾಸಂಸ್ಥೆಯ 2001ರ ಒಪ್ಪಂದವು 2008ರ ಸೆಪ್ಟೆಂಬರ್ 17ರಿಂದ ಜಾರಿಗೆ ಬಂದು ತವರದ ಬಣ್ಣವನ್ನು ಹೊರಹಾಕಿತು. ಸೈಬ್ಯುಟ್ರಿನ್ ಎಂಬ ಇನ್ನೊಂದು ವಿಷಕ್ಕೂ 2023ರ ಜನವರಿ 1ರಿಂದ ನಿಷೇಧ ಬಂದಿತು. ನಮ್ಮ ದೇಶವೂ 2014ರ ತಿದ್ದುಪಡಿಯ ಮೂಲಕ ಹಡಗುಕಾಯದೆಯಲ್ಲಿ ಈ ಕಟ್ಟಳೆಗಳನ್ನು ಸೇರಿಸಿತು. ಆದರೆ ಅಂತರರಾಷ್ಟ್ರೀಯ ಪ್ರಮಾಣಪತ್ರದ ನಿಯಮವಿರುವದು 400 ಟನ್ನು ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಿಗೆ. ಬಂದರಿನ ಅಂಗಡಿಯಲ್ಲಿ ಡಬ್ಬಿ ಕೊಂಡು ತಾನೇ ಬಳಿದುಕೊಳ್ಳುವ ಮೀನುಗಾರನಿಗೆ ಆ ಡಬ್ಬಿಯೊಳಗೆ ಏನಿದೆಯೆಂದು ಅವನ ಭಾಷೆಯಲ್ಲಿ ಹೇಳುವವರು ಯಾರು?

ಈಗ ನಮ್ಮ ಮುಖ್ಯ ಆಕ್ಷೇಪಣೆಗೆ ಬರೋಣ. ಮೀನಿನ ಸಂತಾನದ ರಕ್ಷಣೆಗಾಗಿಯೂ ಕಡಲಿನ ಅಪಾಯದ ದೃಷ್ಟಿಯಿಂದಲೂ ಮಳೆಗಾಲದಲ್ಲಿ ನಿಷೇಧ ಹೇರಿದ್ದು ಯುಕ್ತವೇ. ಆದರೆ ಬಣ್ಣವು ಒಣಗಿದ ಮೈಗೆ ಮಾತ್ರ ಕಚ್ಚುತ್ತದೆ. ಕರಾವಳಿಯಲ್ಲಿ ಜೂನ್ ಜುಲೈಗಳು ಆಕಾಶವೇ ಹರಿದುಬೀಳುವ ತಿಂಗಳುಗಳು. ದೋಣಿಗೆ ಬಿಡುವಿರುವಾಗ ಬಿಸಿಲಿಲ್ಲ. ಬಿಸಿಲಿರುವಾಗ ದೋಣಿಗೆ ಬಿಡುವಿಲ್ಲ. ತೋಯ್ದ ಮೈಗೆ ಬಳಿದ ಬಣ್ಣವು ಹೊಪ್ಪಳಿಕೆಯೆದ್ದು ಕಳಚುತ್ತದೆ. ಮೊದಲೇ ಬಳಿದು ಬಹುಕಾಲ ಬಿಸಿಲು ಮಳೆಗೆ ಬಿಟ್ಟರೆ ಅನೇಕ ಬಣ್ಣಗಳ ಸತ್ವ ಕುಂದುತ್ತದೆ. ಹೀಗಿರಲು ನಿಷೇಧವನ್ನು ಹೇರಿದ ಸರಕಾರವೇ ಆ ಎರಡು ತಿಂಗಳು ದೋಣಿಗಳಿಗೆ ಸೂರನ್ನು ಒದಗಿಸಬೇಡವೇ? ಅಂಜದೀವದ ನೆರೆಯ ಕಡಲಂಚಿನಲ್ಲಿ, 2005ರಲ್ಲಿ ಆರಂಭವಾದ ‘ಕದಂಬ’ ನೌಕಾನೆಲೆಯಲ್ಲಿ, 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತುವ ಯಂತ್ರವುಂಟು. ದೇಶರಕ್ಷಣೆಗೆ ಅದು ಸಲ್ಲತಕ್ಕದ್ದೇ. ಬಡವನ ದೋಣಿಗೆ ಒಂದು ತಗಡಿನ ಮಾಡು ಸಲ್ಲದೆ?

ಸೂರಿನಷ್ಟೇ ಮುಖ್ಯವಾದದ್ದು ನೆಲ. ಮರಳಿನ ಮೇಲೆ ಕೆರೆದ ಹಳೆಯ ಬಣ್ಣದ ಪುಡಿ ಮಳೆನೀರಿನೊಡನೆ ಕಡಲಿಗೆ ಇಳಿಯುತ್ತದೆ. ಅಲ್ಲಿಯೇ ಹೆಂಗಸರೂ ಮಕ್ಕಳೂ ಮರುವಾಯಿ ಪಚ್ಚಿಲೆಗಳನ್ನು ಆಯ್ದು ತಂದು ಅಡಿಗೆ ಮಾಡುತ್ತಾರೆ. ಒಣಬಣ್ಣವನ್ನು ಕೆರೆಯುವ ಕೂಲಿಯವನು ಆ ಧೂಳನ್ನೇ ಉಸಿರಾಡುತ್ತಾನೆ. ಗಚ್ಚಿನ ನೆಲ, ಅದಕ್ಕೊಂದು ಇಳಿಜಾರು, ತುದಿಯಲ್ಲಿ ಕಸರು ತಂಗುವ ಹೊಂಡ; ಕೆರೆಯುವ ಮುಂಚೆ ಮೈಯನ್ನು ತೋಯಿಸುವ ರೂಢಿ, ಮೂಗು ಬಾಯಿಗಳಿಗೆ ಮರೆ. ಇದಕ್ಕೆ ದೊಡ್ಡ ವಿಜ್ಞಾನವೇನೂ ಬೇಡ; ಮನಸ್ಸು ಬೇಕು. ಪರಊರಿನ ಬಂದರುಗಳನ್ನು ಸುತ್ತಿಬಂದ ದೋಣಿಯ ತಳದಲ್ಲಿ ಪರದೇಶದ ಜೀವಿಯೂ ಬಂದಿರಬಹುದು. ಅಮೆರಿಕ ಮೂಲದ ಒಂದು ಬಗೆಯ ಪಚ್ಚಿಲೆಯು 1960ರ ದಶಕದಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದು ನೆಲೆಯೂರಿದ ದೃಷ್ಟಾಂತವಿದೆ. ಆದುದರಿಂದ ಕೆರೆದದ್ದನ್ನು ನೀರಿಗೆ ನೂಕುವದು ಎರಡು ಪಟ್ಟು ತಪ್ಪು.

ಇನ್ನು ದೋಣಿಯವರಿಗೆ ಎರಡು ಮಾತು. ತಳವನ್ನು ಬಳಿದವರು ಅನೇಕವೇಳೆ ಫ್ಯಾನು, ಶಾಫ್ಟು, ಚುಕ್ಕಾಣಿಗಳನ್ನು ಮರೆಯುತ್ತಾರೆ. ಫ್ಯಾನಿನ ಎಲೆಗಳು ಚಿಕ್ಕವಾದರೂ ಯಂತ್ರದ ಶಕ್ತಿಯೆಲ್ಲ ಹಾಯುವದು ಅವುಗಳ ಮೂಲಕವೇ; ಅಲ್ಲಿ ಕುಳಿತ ನಾಲ್ಕು ಚಿಪ್ಪುಗಳು ತಳದ ನಲವತ್ತಕ್ಕಿಂತ ಹೆಚ್ಚು ಕೆಡುಕು ಮಾಡುತ್ತವೆ. ಅದನ್ನು ಉಜ್ಜಿ ನುಣುಪಾಗಿಡಬೇಕು. ಯಂತ್ರವನ್ನು ತಂಪಾಗಿಸುವ ಕಡಲನೀರು ಒಳಬರುವ ಕಿಂಡಿ ಮುಚ್ಚಿದರೆ ನಡುಗಡಲಿನಲ್ಲಿ ಯಂತ್ರ ಕಾದು ನಿಲ್ಲುತ್ತದೆ. ಆಗ ಹೋಗುವದು ಎಣ್ಣೆಯಷ್ಟೇ ಅಲ್ಲ, ಜೀವವೂ ಹೋದೀತು. ಉಕ್ಕಿನ ತಳಕ್ಕೆ ತಾಮ್ರದ ಬಣ್ಣವನ್ನು ನೇರವಾಗಿ ಬಳಿಯಬಾರದು. ನಡುವೆ ತಡೆಯ ಲೇಪವಿರದಿದ್ದರೆ ತಾಮ್ರವು ಉಕ್ಕನ್ನೇ ತಿನ್ನಿಸುತ್ತದೆ. ತುಕ್ಕನ್ನು ತಡೆಯಲೆಂದು ಜೋಡಿಸಿದ ಸತುವಿನ ತುಂಡಿಗೆ ಬಣ್ಣ ಬಳಿಯುವದಂತೂ ಕಾವಲುಗಾರನ ಕಣ್ಣು ಕಟ್ಟಿದಂತೆ. ತಾನು ಸವೆದು ಉಳಿದ ಲೋಹವನ್ನು ಕಾಯುವದೇ ಅದರ ಕೆಲಸ. ದೋಣಿಗೆ ಆಧಾರವಾಗಿಟ್ಟ ದಿಮ್ಮಿಗಳ ಅಡಿಯ ಭಾಗವು ಬಣ್ಣ ಕಾಣದೆ ಉಳಿಯುವದರಿಂದ ದಿಮ್ಮಿಗಳನ್ನು ಸರಿಸಿ ಅಲ್ಲಿಯೂ ಬಳಿಯಬೇಕು. ನದಿಯ ಸಿಹಿನೀರಿನಲ್ಲಿ ಕೆಲವು ದಿನ ದೋಣಿಯನ್ನು ನಿಲ್ಲಿಸುವ ಹಿರಿಯರ ಉಪಾಯವೂ ಒಳ್ಳೆಯದೇ. ಅದರಿಂದ ಅನೇಕ ಕಡಲಜೀವಿಗಳು ಸಾಯುತ್ತವೆ. ಚಿಪ್ಪನ್ನು ಮಾತ್ರ ಕೆರೆದೇ ತೆಗೆಯಬೇಕು.

ತಾಮ್ರವೂ ವಿಷವೇ ಆದುದರಿಂದ ಅದನ್ನೂ ಕೂಡಲೇ ನಿಷೇಧಿಸಿರೆಂದು ಕೆಲವರು ಹೇಳುವರು. ಅವರ ಕಳಕಳಿ ನಮಗೆ ಮಾನ್ಯ. ಆದರೆ ವಿಷವಿಲ್ಲದ ಸಿಲಿಕೋನ್ ಲೇಪವು ಬೆಲೆಬಾಳುವಂಥದು, ಅದರ ಗುಣವೂ ಬಹಳಮಟ್ಟಿಗೆ ದೋಣಿಯ ವೇಗವನ್ನು ಅವಲಂಬಿಸಿದೆ. ಬಲೆ ಎಳೆಯುತ್ತ ನಿಧಾನವಾಗಿ ಸಾಗುವ ಬೋಟಿಗೆ ಅದು ಎಷ್ಟು ಒದಗೀತೆಂಬುದನ್ನು ನಮ್ಮ ನೀರಿನಲ್ಲಿಯೇ ಪರೀಕ್ಷಿಸಬೇಕು. ಬದಲನ್ನು ಕೊಡದೆ ಇದ್ದದ್ದನ್ನು ಕಸಿಯುವದು ನ್ಯಾಯವಲ್ಲ. ದೋಣಿಯ ತಳ ಖಾಸಗಿ ಸ್ವತ್ತು, ಸರಕಾರಕ್ಕೇನು ಕೆಲಸವೆಂದು ಇನ್ನು ಕೆಲವರು ಕೇಳುವರು. ಎಣ್ಣೆಯ ತೆರಿಗೆಯನ್ನು ಬಿಟ್ಟುಕೊಟ್ಟ ದಿನವೇ ಆ ಕೆಲಸ ಸರಕಾರದ್ದಾಯಿತೆಂದು ನಮ್ಮ ಉತ್ತರ.

ಆದುದರಿಂದ ನಾವು ಕೇಳುವದು ಮೂರೇ ಸಂಗತಿ. ಮೊದಲನೆಯದಾಗಿ, ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಬಂದರುಗಳಲ್ಲಿ ಸೂರೂ ಗಚ್ಚಿನ ನೆಲವೂ ಹೊಂಡವೂ ಉಳ್ಳ ಸಾರ್ವಜನಿಕ ದೋಣಿಕಟ್ಟೆಗಳು ಎಷ್ಟಿವೆ, ಎಷ್ಟು ಬೇಕು ಎಂಬ ಲೆಕ್ಕವನ್ನು ಮೀನುಗಾರಿಕೆ ಖಾತೆಯು ಪ್ರಕಟಿಸಿ, ಕೊರತೆಯನ್ನು ತುಂಬಲಿ. ಎರಡನೆಯದಾಗಿ, ಪರೀಕ್ಷಿತವಾದ ಬಣ್ಣವನ್ನು ಮೀನುಗಾರರ ಸಹಕಾರಿ ಸಂಘಗಳ ಮೂಲಕ ನ್ಯಾಯವಾದ ಬೆಲೆಗೆ ಮಾರಲಿ. ಡಬ್ಬಿಯ ಮೇಲೆ ಒಳಗಿನ ವಸ್ತುಗಳೂ ಬಳಸುವ ಕ್ರಮವೂ ಕನ್ನಡದಲ್ಲಿರಲಿ. ಮೂರನೆಯದಾಗಿ, ಬೀದರಿನ ವಿಶ್ವವಿದ್ಯಾಲಯವು ತನ್ನ ಮಂಗಳೂರಿನ ಮಹಾವಿದ್ಯಾಲಯದ ಮುಖಾಂತರ ಒಂದೊಂದು ಬಂದರಿನಲ್ಲಿಯೂ ಬಗೆಬಗೆಯ ಲೇಪಗಳನ್ನು ಬಳಿದ ಫಲಕಗಳನ್ನು ವರ್ಷವಿಡೀ ನೀರಿನಲ್ಲಿ ತೂಗುಬಿಟ್ಟು, ಯಾವದು ಎಷ್ಟು ತಿಂಗಳು ತಾಳಿತೆಂಬುದನ್ನು ತಾಂಡೇಲನು ಓದಿ ತಿಳಿಯುವಂಥ ಕನ್ನಡದಲ್ಲಿ ಪ್ರತಿವರ್ಷ ನಿಷೇಧದ ಮೊದಲು ಹೊರಡಿಸಲಿ.

ಇವುಗಳ ವೆಚ್ಚವನ್ನು ಉಳಿದ ಎಣ್ಣೆಯೇ ತೆರುವದರಲ್ಲಿ ನಮಗೆ ಸಂದೇಹವಿಲ್ಲ. ಬೀದರಿನ ಶಾಸಕರು ವಿಧಾನಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದರೆ ಕರಾವಳಿಯವರು ಆಶ್ಚರ್ಯಪಟ್ಟಾರು. ಆದರೆ ಕರ್ನಾಟಕ ಒಂದಾದದ್ದು ಇಂಥ ಆಶ್ಚರ್ಯಗಳು ವಾಡಿಕೆಯಾಗಲೆಂದೇ ಅಲ್ಲವೇ? ಮುಂದಿನ ಮೃಗಶಿರೆಯ ಹೊತ್ತಿಗೆ ಒಂದು ಬಂದರಿನಲ್ಲಾದರೂ ಒಂದು ಮಾಡು ಎದ್ದು ನಿಂತು, ಅದರಡಿಯಲ್ಲಿ ಒಣಗಿದ ತಳಕ್ಕೆ ಬಣ್ಣ ಬೀಳಲಿ.