ಹಾಡು ಕಟ್ಟಿದವರ ಕೂಲಿ

ಹಾಡಿದವರ ಹೆಸರು ಊರಿಗೆಲ್ಲ ಗೊತ್ತು; ಹಾಡು ಕಟ್ಟಿದವರ ಹೆಸರು ಯಾರಿಗೂ ಬೇಡ. ಸೀರೆ ಉಟ್ಟವರು ಅದನ್ನು ನೇಯ್ದವರಾರೆಂದು ಕೇಳದಿರುವಂತೆಯೇ ಇದೂ. ಅಮೆರಿಕೆಯ ದಕ್ಷಿಣ ಸೀಮೆಯ ಬಡ ರೈತರು, ಗಣಿ ಕೆಲಸಗಾರರು, ಗಿರಣಿ ಆಳುಗಳ ನಡುವೆ ಬೆಳೆದ ‘ಕಂಟ್ರಿ’ ಸಂಗೀತ ಇಂದು ದೊಡ್ಡ ಉದ್ಯಮವಾಗಿದೆ. ಆ ಹಾಡುಗಳನ್ನು ಬರೆದು ಮೇಲೆ ಬಂದವರ ಬಾಳನ್ನು ಪ್ರತಿಭೆಯ ಜಯವೆಂದು ಕೊಂಡಾಡುವುದು ವಾಡಿಕೆ. ನಮಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ಪ್ರತಿಭೆ ಗೆದ್ದವರಲ್ಲಿಯೂ ಇತ್ತು, ಸೋತವರಲ್ಲಿಯೂ ಇತ್ತು. ದುಡಿಮೆಯ ಫಲದ ಒಡೆತನ ಯಾರ ಕೈಯಲ್ಲಿ ಉಳಿಯಿತು ಎಂಬುದೇ ಬಹುಮಟ್ಟಿಗೆ ಅವರ ಹಣೆಬರಹವನ್ನು ನಿರ್ಣಯಿಸಿತು.

1927ರ ಬೇಸಗೆಯಲ್ಲಿ ರಾಲ್ಫ್ ಪೀರ್ ಎಂಬಾತ ವಿಕ್ಟರ್ ಗ್ರಾಮಫೋನು ಕಂಪನಿಯ ಪರವಾಗಿ ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಬೀಡುಬಿಟ್ಟು, ಬೆಟ್ಟದ ಜನರಿಂದ ಹಾಡಿಸಿದ. ಹಾಡೊಂದಕ್ಕೆ 50 ಡಾಲರು ಕೈಗೆ ಬಂದಾಗ ಆ ಬಡವರು ಹಿಗ್ಗಿದರು. ಪೀರ್ ತನಗೆಂದು ಇಟ್ಟುಕೊಂಡದ್ದು ಹಾಡುಗಳ ಪ್ರಕಟಣೆಯ ಹಕ್ಕು. ವರ್ಷವರ್ಷವೂ ಬಾಡಿಗೆ ತರುವ ಮನೆಯಂಥದು ಅದು. ಅಲ್ಲಿ ಹಾಡಿ ಖ್ಯಾತರಾದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಮುಂದೆ ಹಳ್ಳಿಹಳ್ಳಿ ತಿರುಗಿ ಹಾಡು ಕಲೆಹಾಕಿದಾಗ ಆತನ ಜೊತೆಗಿದ್ದವನು ಲೆಸ್ಲಿ ರಿಡಲ್, ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡ ಕಪ್ಪು ಜನಾಂಗದ ಗಿಟಾರು ವಾದಕ. ಕಾರ್ಟರ್ ಪದಗಳನ್ನು ಬರೆದುಕೊಂಡರೆ ಮಟ್ಟುಗಳನ್ನು ನೆನಪಿನಲ್ಲಿ ಹೊತ್ತು ತಂದವನು ರಿಡಲ್. ಹಕ್ಕುಪತ್ರದಲ್ಲಿ ಬಿದ್ದ ಹೆಸರು ಕಾರ್ಟರನದು ಮಾತ್ರ.

ಕಾಯಿದೆಯಾದರೂ ಬಡವನ ಕಡೆಗಿತ್ತೆ? 1909ರ ಅಮೆರಿಕದ ಕಾಯಿದೆ ಗ್ರಾಮಫೋನು ತಟ್ಟೆಯ ಮೇಲಿನ ಒಂದು ಹಾಡಿಗೆ 2 ಸೆಂಟು ದರ ಕಟ್ಟಿತು. ಎರಡು ಮಹಾಯುದ್ಧಗಳು ಮುಗಿದವು, ಅಕ್ಕಿ ಗೋಧಿಯಿಂದ ಮನೆಬಾಡಿಗೆಯವರೆಗೆ ಎಲ್ಲದರ ಬೆಲೆಯೂ ಏರಿತು. ಆ 2 ಸೆಂಟು 1977ರ ಕೊನೆಯವರೆಗೂ ಕದಲಲಿಲ್ಲ. ಅದರಲ್ಲಿಯೂ ಸಾಮಾನ್ಯವಾಗಿ ಅರ್ಧ ಪ್ರಕಾಶಕನ ಪಾಲು. ತುಟ್ಟಿಭತ್ಯೆಗಾಗಿ ಹೋರಾಡಿದ ನಮ್ಮ ಗಿರಣಿ ಬಂಧುಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಂಟಕಿಯ ಕಲ್ಲಿದ್ದಲು ಸೀಮೆಯ ಗಣಿ ಕೆಲಸಗಾರನೊಬ್ಬನ ಮಗ ಮರ್ಲ್ ಟ್ರಾವಿಸ್. 1946ರಲ್ಲಿ ಆತ ‘ಸಿಕ್ಸ್‌ಟೀನ್ ಟನ್ಸ್’ ಎಂಬ ಹಾಡನ್ನು ಧ್ವನಿಮುದ್ರಿಸಿದ. ದಿನವಿಡೀ ಕಲ್ಲಿದ್ದಲು ತುಂಬಿದರೂ ಕಂಪನಿಯ ಅಂಗಡಿಯ ಸಾಲ ತೀರದ ಆಳಿನ ಗೋಳು ಅದರ ವಸ್ತು. ಇದು ಕಟ್ಟುಕಥೆಯಲ್ಲ. ಅಲ್ಲಿ ಗಣಿ ಮಾಲೀಕರು ಕೂಲಿಯನ್ನು ಹಲವೆಡೆ ಸರ್ಕಾರಿ ನಾಣ್ಯದಲ್ಲಿ ಕೊಡದೆ ತಮ್ಮದೇ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಅವು ಚಲಾವಣೆಯಾಗುತ್ತಿದ್ದದ್ದು ಅವರದೇ ಅಂಗಡಿಯಲ್ಲಿ. ಕೂಲಿಯವನಿಗೆ ಇದು ಉರುಳು. ಪಕ್ಕದಲ್ಲಿ ಅಂಗಡಿ ಇಟ್ಟು ಬದುಕಬೇಕೆನ್ನುವ ಸಣ್ಣ ವ್ಯಾಪಾರಿಗೂ ಅದೇ ಉರುಳು. ಇಬ್ಬರ ಶತ್ರು ಒಬ್ಬನೇ ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರು ಗಮನಿಸಬೇಕು. ಒಂಬತ್ತು ವರ್ಷಗಳ ನಂತರ, 1955ರಲ್ಲಿ, ಟೆನೆಸಿ ಅರ್ನಿ ಫೋರ್ಡ್ ಹಾಡಿದಾಗ ಅದೇ ಹಾಡು ದೇಶದಲ್ಲೆಲ್ಲ ಮೊದಲ ಸ್ಥಾನಕ್ಕೇರಿತು. ಗಣಿಯೊಳಗಿನ ಅಳಲು ನಗರದ ಬೈಠಕ್ಕುಗಳಲ್ಲಿ ಮೊಳಗಿತು.

ಟೆಕ್ಸಾಸಿನಲ್ಲಿ ಹುಡುಗನಾಗಿದ್ದಾಗ ಹತ್ತಿ ಬಿಡಿಸಿದವನು ವಿಲಿ ನೆಲ್ಸನ್. ಬಡತನ ಕಿತ್ತು ತಿನ್ನುತ್ತಿದ್ದಾಗ ‘ಫ್ಯಾಮಿಲಿ ಬೈಬಲ್’ ಎಂಬ ಹಾಡನ್ನು 50 ಡಾಲರಿಗೆ ಮಾರಿದ. 1960ರಲ್ಲಿ ಅದು ಬೇರೆಯವರ ಹೆಸರಿನಲ್ಲಿ ಜನಪ್ರಿಯವಾಯಿತು. ಸಾಲಗಾರನ ಕಾಟಕ್ಕೆ ಹೊಲದಲ್ಲಿ ನಿಂತ ಬೆಳೆಯನ್ನೇ ಮಾರುವ ರೈತನ ಪಾಡು ಇದಲ್ಲವೆ? ಮರುವರ್ಷ ‘ಹಲೋ ವಾಲ್ಸ್’ ಎಂಬ ಹಾಡನ್ನೂ 500 ಡಾಲರಿಗೆ ಮಾರಲು ಹೊರಟಾಗ ಗಾಯಕ ಫೆರನ್ ಯಂಗ್ ಕೊಳ್ಳಲೊಪ್ಪದೆ, ಆ ಹಣವನ್ನು ಕೈಸಾಲವಾಗಿ ಕೊಟ್ಟು ಹಾಡನ್ನು ನೆಲ್ಸನ್ನನ ಹೆಸರಿನಲ್ಲೇ ಉಳಿಸಿದ. ಯಂಗ್ ಹಾಡಿದ ಮೇಲೆ ಅದು ಮೊದಲ ಸ್ಥಾನಕ್ಕೆ ಬಂತು. ಪ್ರತಿಫಲ ಬರೆದವನ ಕೈಸೇರಿತು. ಯಂಗನ ಸಜ್ಜನಿಕೆಗೆ ನಮಸ್ಕಾರ. ಆದರೆ ದುಡಿದವನ ಪಾಲು ಎದುರಿನವನ ಸಜ್ಜನಿಕೆಯನ್ನು ನಂಬಿ ನಿಲ್ಲುವುದು ನ್ಯಾಯವಲ್ಲ, ಅದು ಅದೃಷ್ಟ.

ಡಾಲಿ ಪಾರ್ಟನ್ ಅದೃಷ್ಟಕ್ಕೆ ಕಾಯಲಿಲ್ಲ. ಟೆನೆಸಿಯ ಬೆಟ್ಟದ ಬಡ ಗೇಣಿದಾರನ 12 ಮಕ್ಕಳಲ್ಲಿ ಆಕೆ ನಾಲ್ಕನೆಯವಳು. 1974ರಲ್ಲಿ ಹೊರಬಂದ ಆಕೆಯ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡಲು ಬಯಸಿದ. ಪ್ರಕಟಣೆಯ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಡಬೇಕೆಂದು ಆತನ ವ್ಯವಹಾರ ನೋಡುತ್ತಿದ್ದ ಟಾಮ್ ಪಾರ್ಕರ್ ಹಟ ಹಿಡಿದ. ಆಕೆ ಒಪ್ಪಲಿಲ್ಲ. ಅಷ್ಟು ದೊಡ್ಡ ಗಾಯಕನನ್ನು ಕಳೆದುಕೊಂಡು ಆಕೆ ಅತ್ತಳಂತೆ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಚಲನಚಿತ್ರಕ್ಕಾಗಿ ಹಾಡಿದಾಗ ಅದು 14 ವಾರ ಅಮೆರಿಕದಲ್ಲಿ ಅಗ್ರಸ್ಥಾನದಲ್ಲಿ ನಿಂತಿತು. ಹಕ್ಕು ಪಾರ್ಟನ್ನಳ ಬಳಿಯೇ ಇತ್ತು. ಕಚೇರಿಯ ಹೆಣ್ಣು ನೌಕರರ ಬವಣೆಯನ್ನು ಕುರಿತ ‘ನೈನ್ ಟು ಫೈವ್’ ಹಾಡನ್ನು 1980ರಲ್ಲಿ ಬರೆದವಳೂ ಆಕೆಯೇ. ಉಗುರಿಗೆ ಉಗುರು ತಾಕಿಸಿ ಟೈಪ್‌ರೈಟರಿನ ಸದ್ದು ಹೊರಡಿಸಿ ಆ ಹಾಡಿನ ತಾಳ ಹಿಡಿದಳಂತೆ.

ನಮ್ಮ ದೇಶದಲ್ಲಿ? ಚಿತ್ರಕ್ಕಾಗಿ ಹಣ ಪಡೆದು ಬರೆದ ಹಾಡಿನ ಒಡೆಯ ನಿರ್ಮಾಪಕನೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 35 ವರ್ಷಗಳ ನಂತರ, 2012ರಲ್ಲಿ, ಪಾರ್ಲಿಮೆಂಟು ಕಾಯಿದೆಗೆ ತಿದ್ದುಪಡಿ ತಂದಿತು. ಚಿತ್ರಮಂದಿರದ ಪ್ರದರ್ಶನವನ್ನುಳಿದು ಬೇರೆ ಬಳಕೆಯಿಂದ ಬರುವ ರಾಯಧನದಲ್ಲಿ ಗೀತ ರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲು; ಆ ಹಕ್ಕನ್ನು ಬರೆದುಕೊಟ್ಟೆನೆಂದರೂ ಅದು ಊರ್ಜಿತವಲ್ಲ. ಹಸಿದವನ ರುಜುವನ್ನು ಒಪ್ಪಿಗೆಯೆಂದು ಎಣಿಸಕೂಡದು ಎಂಬ ತತ್ತ್ವ ಇದರಲ್ಲಿದೆ. ಕನ್ನಡ ಚಿತ್ರಗಳಿಗೆ ಹಾಡು ಬರೆಯುವವರಿಗೂ ಇದೇ ಕಾಯಿದೆ ಅನ್ವಯಿಸುತ್ತದೆ.

ಆದರೆ ಕಾಯಿದೆ ತಾನಾಗಿ ಯಾರ ಮನೆ ಬಾಗಿಲಿಗೂ ಹಣ ತಂದುಕೊಡುವುದಿಲ್ಲ. ಗ್ರಾಮಫೋನು ತಟ್ಟೆ ಹೋಗಿ ಮೊಬೈಲು ಬಂದಿದೆ. ಲೆಕ್ಕದ ಪುಸ್ತಕ ಇನ್ನೂ ಕಂಪನಿಗಳ ಕೈಯಲ್ಲೇ ಇದೆ. ಆ ಪುಸ್ತಕವನ್ನು ತೆರೆದು ತೋರಿಸೆಂದು ಕೇಳುವ ಬಲ ಒಬ್ಬಂಟಿ ಕವಿಗಿಲ್ಲ, ಸಂಘಕ್ಕಿದೆ. ಹಾಡು ಕಟ್ಟುವವರು ತಮ್ಮನ್ನು ಕಲಾವಿದರೆಂದು ಹೇಳಿಕೊಳ್ಳಲಿ, ಸಂತೋಷ. ದುಡಿಮೆಗಾರರೂ ಹೌದೆಂಬುದನ್ನು ಮರೆಯದಿರಲಿ. ಕೂಲಿಗಾಗಿ ಸಂಘ ಕಟ್ಟಿದ ಗಿರಣಿಯ ಜನ ಅವರ ಬೆಂಬಲಕ್ಕೆ ನಿಲ್ಲಬೇಕೆಂದು ನಾವು ಕೋರುತ್ತೇವೆ.