ರಿಪೇರಿ ಬಿಲ್ ಅಂದ್ರೆ ಗ್ಯಾರಂಟಿ ಕಾರ್ಡ್ ಅಲ್ಲ

ಹತ್ತು ಹದಿನೈದು ವರ್ಷದ ಕಾರು ಇರೋ ಮನೆಗಳಲ್ಲಿ ಒಂದು ವಾದ ತಪ್ಪಿದ್ದಲ್ಲ. ಎಂಜಿನ್ ಬಿಸಿಯಾಗಿ ಗಾಡಿ ಒಂದ್ಸಲ ದಾರಿಯಲ್ಲಿ ನಿಂತಿದೆ, ಗ್ಯಾರೇಜಿಗೆ ಹೋಗಿ ಬಂದಿದೆ, ಮುಂದಿನ ವಾರ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಡಬೇಕು. "ಈಗ ತಾನೇ ರಿಪೇರಿ ಆಗಿದೆಯಲ್ಲ, ಇನ್ನೇನು ಭಯ?" ಅಂತ ಒಬ್ಬರು. "ಒಂದ್ಸಲ ಕೈಕೊಟ್ಟಿದ್ದನ್ನ ನಂಬಬಾರದು, ಟ್ಯಾಕ್ಸಿ ಮಾಡೋಣ" ಅಂತ ಇನ್ನೊಬ್ಬರು. ನನ್ನ ಪ್ರಕಾರ ಇಬ್ಬರದೂ ಅವಸರದ ತೀರ್ಮಾನ. ಹಳೇ ಕಾರನ್ನು ದೂರದ ದಾರಿಗೆ ಖಂಡಿತ ನಂಬಬಹುದು. ಆದರೆ ಆ ನಂಬಿಕೆ ಬಿಲ್ ಜೊತೆ ಬರೋದಿಲ್ಲ, ಓಡಿಸಿ ನೋಡಿ ಗಳಿಸಬೇಕು.

"ಈಗ ತಾನೇ ರಿಪೇರಿ" ಅನ್ನೋ ಧೈರ್ಯವನ್ನೇ ಮೊದಲು ನೋಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ವಿಮಾನಗಳನ್ನು ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ಬಿಚ್ಚಿ ತಪಾಸಣೆ ಮಾಡುತ್ತಿದ್ದರು. ಸಿ.ಎಚ್. ವಾಡಿಂಗ್ಟನ್ ಎಂಬ ಜೀವವಿಜ್ಞಾನಿ ಮತ್ತು ಅವರ ಜೊತೆಯವರು ಲೆಕ್ಕ ಹಾಕಿ ನೋಡಿದಾಗ, ಅನಿರೀಕ್ಷಿತ ರಿಪೇರಿಗಳು ಅತಿ ಹೆಚ್ಚು ಬರುತ್ತಿದ್ದದ್ದು ತಪಾಸಣೆ ಆದ ಕೂಡಲೇ! ಆಮೇಲೆ ಗಂಟೆ ಕಳೆದಂತೆ ಅವು ಕಡಿಮೆಯಾಗುತ್ತಿದ್ದವು. ನಾವು ಕ್ಲಾಸಿನಲ್ಲಿ ಬಿಡಿಸೋ ಬಾತ್‌ಟಬ್ ಕರ್ವ್‌ನ ಎಡಗಡೆಯ ಇಳಿಜಾರು ಹೇಳೋದೂ ಇಂಥದ್ದೇ ಮಾತು. ಕಾರಿನಲ್ಲೂ ಅಷ್ಟೇ. ಬಿಚ್ಚಿದ ಹೋಸ್‌ನ ಕ್ಲಾಂಪ್ ಸರಿಯಾಗಿ ಕೂತಿರಲ್ಲ, ಹೊಸ ಕೂಲಂಟ್ ತುಂಬುವಾಗ ಒಳಗೆ ಗಾಳಿ ಉಳಿದಿರುತ್ತೆ, ಹೊಸ ಪಾರ್ಟೇ ಕಳಪೆ ಇರಬಹುದು. ಹಾಗಾಗಿ ಗ್ಯಾರೇಜಿನಿಂದ ಬಂದ ಮಾರನೇ ದಿನವೇ 300 ಕಿ.ಮೀ. ಹೊರಡೋದು ಜಾಣತನ ಅಲ್ಲ.

ಎರಡನೇ ವಿಷಯ, ಪಾರ್ಟ್ ಬದಲಾಯಿಸೋದು ಬೇರೆ, ಕಾರಣ ಹುಡುಕೋದು ಬೇರೆ. ಎಂಜಿನ್ ಬಿಸಿಯಾಯಿತು, ವಾಟರ್ ಪಂಪ್ ಹಾಕಿದರು, ಸರಿ. ಆದರೆ ತಪ್ಪು ಥರ್ಮೋಸ್ಟಾಟ್‌ನದ್ದಾಗಿದ್ದರೆ? ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ? ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ? ಆ ಪುಟ್ಟ ಮುಚ್ಚಳ ಕುಕ್ಕರ್ ವಿಷಲ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟುಕೊಂಡರೆ ಮಾತ್ರ ನೀರು 100 ಡಿಗ್ರಿ ದಾಟಿದರೂ ಕುದಿಯಲ್ಲ. ಇಂಥ ಅರ್ಧಂಬರ್ಧ ದೋಷಗಳು ಊರೊಳಗಿನ ಓಡಾಟದಲ್ಲಿ ಗೊತ್ತೇ ಆಗದೆ ಇರಬಹುದು. ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿ ಇಳಿಯೋದು, ಅದು ಬ್ರೇಕಿನ ಪರೀಕ್ಷೆ. ವಾಪಸ್ ಬರುವಾಗ ಗುಂಡ್ಯ ದಾಟಿ ಹತ್ತೋದು, ಅದು ಕೂಲಿಂಗ್‌ನ ಪರೀಕ್ಷೆ. ಐದು ಜನ, ಲಗೇಜು, ಎಸಿ, ಎರಡನೇ ಗೇರು, ಮುಂದೆ ತೆವಳೋ ಲಾರಿ. ಎಂಜಿನ್‌ಗೆ ಪೂರ್ತಿ ಕೆಲಸ, ರೇಡಿಯೇಟರ್‌ಗೆ ಬೀಸೋ ಗಾಳಿ ಮಾತ್ರ ಕಮ್ಮಿ. ಕಾರು ಕೈಕೊಟ್ಟರೆ ಅಲ್ಲೇ ಕೊಡೋದು, ಹಿಂದಿನ ಸೀಟಲ್ಲಿ ಅಜ್ಜಿ ಕೂತಿರುವಾಗ.

ಹಾಗಾದರೆ ಟ್ಯಾಕ್ಸಿಯೇ ಸರಿ ಅಂತೀರಾ? ನಾನು ಒಪ್ಪಲ್ಲ. "ಹಳೇದು ಮಾರಿ ಹೊಸದು ತಗೊಳ್ಳಿ" ಅನ್ನೋದು ಬಾಯಿಗೆ ಸುಲಭ, ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಾರಿನ ಕಂತಿಗೆ ಮೊದಲು ನಮ್ಮ ಕಾಲೇಜ್ ಫೀಸು ನಿಂತಿದೆ. ಕೆಟ್ಟಿದ್ದು ಯಾಕೆ ಅಂತ ತಿಳಿದು ರಿಪೇರಿ ಮಾಡಿದ ಹಳೇ ಕಾರು, ಏನನ್ನೂ ನೋಡದೆ ಓಡಿಸೋ ಐದು ವರ್ಷದ ಕಾರಿಗಿಂತ ವಾಸಿ. ವಯಸ್ಸು ಮುಖ್ಯವೇ, ಇಲ್ಲ ಅನ್ನಲ್ಲ. ರಬ್ಬರ್‌ಗೆ ಕಿಲೋಮೀಟರ್ ಜೊತೆ ವರ್ಷವೂ ಲೆಕ್ಕ. ಹೋಸು, ಬೆಲ್ಟು, ಟೈರು ಸುಮ್ಮನೆ ನಿಂತಲ್ಲೂ ಮುದಿಯಾಗುತ್ತವೆ. "ನಮ್ಮದು 40,000 ಕಿ.ಮೀ. ಅಷ್ಟೇ ಓಡಿರೋದು" ಅನ್ನೋ ಹೆಮ್ಮೆ ಅಲ್ಲಿ ನಡೆಯಲ್ಲ.

ನಾನು ಹೇಳೋದು ಇಷ್ಟು. ಮೆಕ್ಯಾನಿಕ್ ಅಣ್ಣನ ಹತ್ರ "ಸರಿಯಾಯ್ತಾ?" ಅಂತ ಕೇಳಬೇಡಿ, "ಯಾಕೆ ಕೆಟ್ಟಿತ್ತು?" ಅಂತ ಕೇಳಿ, ತೆಗೆದ ಹಳೇ ಪಾರ್ಟ್ ತೋರಿಸೋಕೆ ಹೇಳಿ. ಕೆಲಸ ಗೊತ್ತಿರೋರು ಖುಷಿಯಿಂದ ತೋರಿಸ್ತಾರೆ. ಆಮೇಲೆ ಎರಡು ವಾರ ಊರೊಳಗೆ ಓಡಿಸಿ. ದಿನಾ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಎಲ್ಲಿದೆ ನೋಡಿ, ಗಾಡಿ ಕೆಳಗೆ ನೆಲ ಒದ್ದೆಯಾಗಿದೆಯಾ ನೋಡಿ. ನಂತರ ಎಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿ ನಂದಿಬೆಟ್ಟ ಹತ್ತಿಸಿ. ಮೈಸೂರಿನವರಿಗೆ ಚಾಮುಂಡಿಬೆಟ್ಟ ಇದ್ದೇ ಇದೆ. ಅಲ್ಲಿ ಕೆಟ್ಟರೆ ಸಂಜೆಯೊಳಗೆ ಮನೆ ಸೇರಬಹುದು. ಟೆಂಪರೇಚರ್ ಮುಳ್ಳು ಅಲ್ಲಾಡದೆ, ಕೂಲಂಟ್ ಇಳಿಯದೆ ಇದ್ದರೆ ಧೈರ್ಯವಾಗಿ ಧರ್ಮಸ್ಥಳಕ್ಕೆ ಹೊರಡಿ. ಅದೇ ದೋಷ ಮತ್ತೆ ಬಂತಾ, ಅಥವಾ ಬ್ರೇಕು, ಸ್ಟೇರಿಂಗ್‌ನಲ್ಲಿ ಸಣ್ಣ ಅನುಮಾನ ಇದೆಯಾ, ಆಗ ಮಾತ್ರ ಬಸ್ಸೋ ಟ್ಯಾಕ್ಸಿಯೋ ಹಿಡೀರಿ.

ಮಶೀನ್ ಬಗ್ಗೆ ನಾಲ್ಕು ವರ್ಷ ಓದೋ ನಾವು, ಮನೆ ಕಾರಿನ ವಿಷಯ ಬಂದಾಗ "ದೇವರ ಮೇಲೆ ಭಾರ" ಅನ್ನಬಾರದು. ದೇವರ ಹತ್ರ ಹೋಗೋದಕ್ಕೂ ರೇಡಿಯೇಟರ್ ಮುಚ್ಚಳ ಗಟ್ಟಿ ಇರಬೇಕು.