ವೆನಿಲ್ಲಾ: ಬೆಲೆ ನೋಡಿ ನೆಡಬೇಡಿ

"ಸಾರ್, ವೆನಿಲ್ಲಾ ಮತ್ತೆ ಹಾಕಬಹುದೇ?" ಮಲೆನಾಡಿನ ಹಳ್ಳಿಗಳಿಗೆ ಹೋದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರಲ್ಲಿ ಆಸೆಯೂ ಇದೆ, ಹಿಂದೆ ತಿಂದ ಪೆಟ್ಟಿನ ನೆನಪೂ ಇದೆ.

2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಸಿಕ್ಕಿತು. ರೈತರು ರಾತ್ರಿಯೆಲ್ಲ ತೋಟ ಕಾದರು. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ದುಬಾರಿ ಬೆಲೆಗೆ ಬಳ್ಳಿ ಕೊಂಡು ನೆಟ್ಟವರು ಕೊಯ್ಲು ಮಾಡುವ ಹೊತ್ತಿಗೆ ಕೇಳುವವರೇ ಇರಲಿಲ್ಲ.

ಈ ಏರಿಳಿತಕ್ಕೆ ಕಾರಣ ನಮ್ಮ ತೋಟದಲ್ಲಿರಲಿಲ್ಲ. ಜಗತ್ತಿನ ವೆನಿಲ್ಲಾದ ಬಹುಪಾಲು ಬೆಳೆಯುವ ಮಡಗಾಸ್ಕರ್ ದ್ವೀಪಕ್ಕೆ 2000ದಲ್ಲಿ ಚಂಡಮಾರುತ ಬಡಿದಿತ್ತು. ಬೆಲೆ ಏರಿದೊಡನೆ ಹಲವು ದೇಶಗಳು ಬಳ್ಳಿ ನೆಟ್ಟವು, ಆಹಾರ ಕಂಪೆನಿಗಳು ಕೃತಕ ಪರಿಮಳಕ್ಕೆ ತಿರುಗಿದವು. 2017ರಲ್ಲಿ ಅಲ್ಲಿಗೆ ಮತ್ತೊಂದು ಚಂಡಮಾರುತ ಬಂತು. ಬೆಲೆ ಮತ್ತೆ ಏರಿ, ಮತ್ತೆ ಇಳಿಯಿತು.

ಮೊದಲ ಅಬ್ಬರದ ಕಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ನೆಡುವ ಕ್ರಮವನ್ನು ಉತ್ಸಾಹದಿಂದ ಹೇಳಿದೆ. ಮಾರಾಟದ ಮಾತನ್ನು ಹೇಳಲಿಲ್ಲ. ಆ ತಪ್ಪು ಮರುಕಳಿಸಬಾರದು.

ವೆನಿಲ್ಲಾ ನಮ್ಮ ಕಾಡುಮರಗಳ ಸೀತಾಳೆದಂಡೆಯಂತೆ ಆರ್ಕಿಡ್ ಜಾತಿಗೆ ಸೇರಿದ್ದು. ತವರು ಮೆಕ್ಸಿಕೊ. ನಮ್ಮಲ್ಲಿ ಇದರ ಹೂವಿಗೆ ಪರಾಗಸ್ಪರ್ಶ ಮಾಡುವ ಕೀಟವಿಲ್ಲ. ಅದಕ್ಕೆ ಸುಲಭ ಉಪಾಯ ಕಂಡುಹಿಡಿದವನು ರಿಯೂನಿಯನ್ ದ್ವೀಪದ 12 ವರ್ಷದ ಗುಲಾಮ ಬಾಲಕ ಎಡ್ಮಂಡ್ ಅಲ್ಬಿಯಸ್, 1841ರಲ್ಲಿ. ಹೂವಿನೊಳಗಿನ ತೆಳು ಪರದೆಯನ್ನು ಕಡ್ಡಿಯಿಂದ ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತುವ ಅದೇ ಕ್ರಮ ಇಂದಿಗೂ ನಡೆದಿದೆ. ಹೂ ಅರಳುವುದು ಒಂದೇ ದಿನ. ಬೆಳಗಿನ ಹೊತ್ತಿನಲ್ಲಿ ಈ ಕೆಲಸ ಮುಗಿಯದಿದ್ದರೆ ಆ ಹೂ ಉದುರಿದಂತೆಯೇ.

ಬೇಸಾಯ ಕಷ್ಟವಲ್ಲ. ಅರ್ಧ ನೆರಳು, ನೀರು ನಿಲ್ಲದ ನೆಲ, ಧಾರಾಳ ದರಗು ಇರಬೇಕು. ಗ್ಲಿರಿಸಿಡಿಯಾದಂಥ ಆಸರೆ ಗಿಡವನ್ನು ಮೊದಲೇ ಬೆಳೆಸಿಕೊಳ್ಳಿ. ಸುಮಾರು ಒಂದು ಮೀಟರ್ ಉದ್ದದ, ರೋಗವಿಲ್ಲದ ಬಳ್ಳಿ ತುಂಡು ಆರಿಸಿ, ಬುಡದ ಮೂರು ನಾಲ್ಕು ಎಲೆ ತೆಗೆದು, ಆ ಗೆಣ್ಣುಗಳನ್ನು ಸಡಿಲ ಮಣ್ಣಿನಲ್ಲಿ ಮೇಲ್ಮೇಲೆ ಮುಚ್ಚಿ. ಬಳ್ಳಿ ಕೈಗೆಟುಕುವ ಎತ್ತರ ದಾಟದಂತೆ ಕೆಳಕ್ಕೆ ಬಾಗಿಸುತ್ತಿರಿ. ಬುಡ ಅಗೆಯಬೇಡಿ, ಬೇರು ಮೇಲೆಯೇ ಇರುತ್ತದೆ. ಕೊಳೆರೋಗ ಇದರ ದೊಡ್ಡ ಶತ್ರು. ಕೊಳೆತ ಬಳ್ಳಿಯನ್ನು ತೋಟದಿಂದ ಹೊರಗೆ ಸಾಗಿಸಿ. ಮೂರನೆಯ ವರ್ಷಕ್ಕೆ ಹೂ ಬರುತ್ತದೆ, ಕೋಡು ಬಲಿಯಲು ಒಂಬತ್ತು ಹತ್ತು ತಿಂಗಳು ಬೇಕು.

ಇನ್ನು ಲೆಕ್ಕ. ಚೆನ್ನಾಗಿ ಬೆಳೆದ ಒಂದು ಬಳ್ಳಿಗೆ ನೂರರಷ್ಟು ಹೂವಿಗೆ ಕೈ ಹಾಕಬೇಕೆಂದರೆ, 50 ಬಳ್ಳಿಗೆ 5,000 ಹೂ. ಅಷ್ಟನ್ನು ಮನೆಯವರೇ ಬೆಳಗಿನ ಹೊತ್ತು ನಿಭಾಯಿಸಬಹುದು. 1,000 ಬಳ್ಳಿ ನೆಟ್ಟರೆ ಹೂವಿನ ತಿಂಗಳುಗಳಲ್ಲಿ ಕೂಲಿಯಾಳು ಎಲ್ಲಿಂದ ಬರಬೇಕು?

ಹಸಿ ಕೋಡನ್ನು ಬಹಳ ದಿನ ಇಡಲಾಗದು. ಅದಕ್ಕೇ ಸಿಕ್ಕಿದ ಬೆಲೆಗೆ ಕೊಡಬೇಕಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ನಿಧಾನವಾಗಿ ಒಣಗಿಸಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಹದಗೊಳಿಸಿದ ಕೋಡು ಮಾತ್ರ ಕಾಯಬಲ್ಲದು. ಸುಮಾರು ಆರು ಕಿಲೋ ಹಸಿ ಕೋಡಿನಿಂದ ಒಂದು ಕಿಲೋ ಸಿಗುತ್ತದೆ. ಒಬ್ಬರಿಗೆ ಕಷ್ಟವೆನಿಸಿದರೆ ಊರಿನ ಹತ್ತು ಮಂದಿ ಒಟ್ಟಾಗಿ ಮಾಡಬಹುದು.

ಆದ್ದರಿಂದ ನನ್ನ ಉತ್ತರ ಇಷ್ಟು. ಅಡಿಕೆ, ತೆಂಗಿನ ನಡುವೆ ನಿಮ್ಮ ಮನೆಯ ಕೈಗಳಿಗೆ ಆಗುವಷ್ಟು ಬಳ್ಳಿ ಹಾಕಿ. ಅಡಿಕೆ ಕಡಿದು ಹಾಕಬೇಡಿ, ಸಾಲ ಮಾಡಿ ಹಾಕಬೇಡಿ. ಬೆಲೆ ಬಂದರೆ ಹಬ್ಬ ಮಾಡೋಣ. ಬಾರದ ವರ್ಷವೂ ಮನೆಯ ಊಟ ತಪ್ಪಬಾರದು.